ಪಟ್ಟಿಯಲ್ಲಿಲ್ಲದ ಮಗು

ಬಳ್ಳಿಗಾವೆಯ ಕೋಡಿಮಠ ಎಂದೊಡನೆ ನೆನಪಾಗುವುದು ವಿದ್ಯೆ. ಶಿಕಾರಿಪುರ ತಾಲ್ಲೂಕಿನ ಆ ಊರಿನ ಕೇದಾರೇಶ್ವರ ಗುಡಿಗೆ ಸೇರಿದ್ದ ಕಾಳಾಮುಖರ ಮಠದಲ್ಲಿ ವೇದ, ಪಾಣಿನಿಯ ವ್ಯಾಕರಣ, ನ್ಯಾಯ, ಸಾಂಖ್ಯ, ಯೋಗ, ಲಾಕುಲ ಸಿದ್ಧಾಂತಗಳನ್ನು ಹೇಳಿಕೊಡುತ್ತಿದ್ದರೆಂದು ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ಸಾರುತ್ತದೆ. ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದಂದಿನಿಂದ ನಾವು ಆ ಭಾಗವನ್ನೇ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇವೆ. ಅದೇ ಕಲ್ಲಿನಲ್ಲಿ ಇನ್ನೊಂದು ವಿವರವೂ ಇದೆ. ಮಠದಲ್ಲಿ ಅನ್ನ ಸಿಗುತ್ತಿದ್ದದ್ದು ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ. ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯದವರಿಗೆ. ಕ್ಷಪಣಕರಿಗೆ, ಏಕದಂಡಿ ತ್ರಿದಂಡಿಗಳಿಗೆ, ನಾನಾ ದೇಶದ ಭಿಕ್ಷುಕರಿಗೆ. ದಿಕ್ಕಿಲ್ಲದ ರೋಗಿಗಳಿಗೆ ಅಲ್ಲಿ ಔಷಧೋಪಚಾರವೂ ಇತ್ತು. ಉದಾರವಾದ ಪಟ್ಟಿ. ಆದರೆ ಕೈಕಾಲು ಕಣ್ಣು ಕಿವಿ ಎಲ್ಲ ಸರಿಯಿದ್ದೂ ಕರೆದರೆ ತಿರುಗದ, ಮೂರು ವರ್ಷ ತುಂಬಿದರೂ ಮಾತಾಡದ ಮಗುವಿಗೆ ಅದರಲ್ಲಿ ಹೆಸರಿಲ್ಲ. 833 ವರ್ಷಗಳ ನಂತರ, 1995ರಲ್ಲಿ ಭಾರತದ ಸಂಸತ್ತು ಅಂಗವಿಕಲರ ಕಾಯ್ದೆ ಮಾಡಿ ಏಳು ಬಗೆಯ ಊನಗಳನ್ನು ಪಟ್ಟಿ ಮಾಡಿದಾಗಲೂ ಆಟಿಸಂ ಅದರಲ್ಲಿರಲಿಲ್ಲ. ಶಿಕಾರಿಪುರ, ಅದರ ನೆರೆಯ ಸೊರಬ ತಾಲ್ಲೂಕುಗಳ ಮಟ್ಟಿಗೆ ಈ ಚರಿತ್ರೆಯನ್ನು ಜೋಡಿಸಿ ನೋಡಿದರೆ ನನಗೆ ಕಾಣುವುದು ಇಷ್ಟು: ನೆರವು ಯಾವಾಗಲೂ ಒಂದು ಪಟ್ಟಿ ಹಿಡಿದು ಬಂದಿದೆ, ಪಟ್ಟಿ ಬರೆದವರು ಕಣ್ಣಿಗೆ ಕಂಡದ್ದನ್ನು ಬರೆದಿದ್ದಾರೆ, ಕಾಣದ್ದನ್ನು ಒಳಗೆ ಸೇರಿಸಿದವರು ಅರಸರಲ್ಲ, ವೈದ್ಯರೂ ಅಷ್ಟಾಗಿ ಅಲ್ಲ, ಆ ಮಕ್ಕಳ ತಂದೆತಾಯಿಗಳು.

ಇದಕ್ಕೆ ಇತಿಹಾಸಕಾರರ ಕಡೆಯಿಂದ ಎರಡು ಆಕ್ಷೇಪ ಬರುವುದು ಖಂಡಿತ. ಶಾಸನವೆಂದರೆ ಪ್ರಶಸ್ತಿ, ದಾನ ಕೊಡಿಸಲು ಹೊಗಳಿ ಬರೆದದ್ದು, ಅದನ್ನು ಮಠದ ದಿನಚರಿ ಎಂದು ನಂಬಬಾರದು ಎಂಬುದು ಮೊದಲನೆಯದು. ಒಪ್ಪುತ್ತೇನೆ. ಎಷ್ಟು ಮಂದಿ ಕುರುಡರು ಅಲ್ಲಿ ಉಂಡರೋ ಶಾಸನದಿಂದ ತಿಳಿಯುವುದಿಲ್ಲ. ಆದರೆ ಹೊಗಳಿಕೆಗೂ ಒಂದು ಸಾಕ್ಷ್ಯಬೆಲೆ ಇದೆ: ಯಾರಿಗೆ ಅನ್ನ ಹಾಕಿದರೆ ಮಠಕ್ಕೆ ಕೀರ್ತಿ ಎಂದು ಆ ಕಾಲ ಭಾವಿಸಿತ್ತೋ ಅದನ್ನು ಅದು ಹೇಳಿಯೇ ಹೇಳುತ್ತದೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಲಿಯೊ ಕ್ಯಾನರ್ ಎಂಬ ವೈದ್ಯ ಬಾಲ್ಟಿಮೋರಿನಲ್ಲಿ 11 ಮಕ್ಕಳನ್ನು ನೋಡಿ ಆಟಿಸಂ ಕುರಿತ ತನ್ನ ಪ್ರಬಂಧ ಬರೆದದ್ದೇ 1943ರಲ್ಲಿ. ಇಲ್ಲದ ವರ್ಗವನ್ನು ಹನ್ನೆರಡನೆಯ ಶತಮಾನದ ಕಲ್ಲಿನಲ್ಲಿ ಹುಡುಕುವುದು ಕಾಲದೋಷ. ಹೌದು, ಬಳ್ಳಿಗಾವೆಯ ಯಾವ ಮಗುವಿಗೂ ನಾವು ಈಗ ರೋಗನಿರ್ಣಯ ಮಾಡಲಾಗದು, ಮಾಡಬಾರದು. ಅಲ್ಲಮನ ಊರೆಂದೂ ಪಕ್ಕದ ಉಡುತಡಿ ಅಕ್ಕಮಹಾದೇವಿಯ ಊರೆಂದೂ ಹೆಸರಾದ ಈ ನೆಲದಲ್ಲಿ, ಲೋಕದ ನಡೆಗೆ ಹೊಂದದವರನ್ನೆಲ್ಲ ಇಂದಿನ ಹೆಸರುಗಳಿಂದ ಕರೆಯುವ ಉತ್ಸಾಹ ಕೆಲವರಿಗಿದೆ. ಅದು ವಚನಕಾರರಿಗೂ ಅನ್ಯಾಯ, ಈ ಮಕ್ಕಳಿಗೂ ಅನ್ಯಾಯ. ನನ್ನ ಮಾತು ಅಷ್ಟು ದೂರ ಹೋಗುವುದಿಲ್ಲ. ಹೆಸರು 1943ರದು ಇರಬಹುದು, ಮಕ್ಕಳು ಅದಕ್ಕೂ ಹಿಂದಿನವರು. ಅವರು ಮಠದ ಪಂಕ್ತಿಯಲ್ಲಿ ಅನಾಥರ ಜೊತೆಗೋ ರೋಗಿಗಳ ಜೊತೆಗೋ ಕೂತು ಉಂಡಿರಬಹುದು. ಹಾಗಿದ್ದರೆ ಬೇರೆ ಹೆಸರಿನ ಮರೆಯಲ್ಲಿ ಉಂಡರು ಎಂದಾಯಿತು. ಬೇರೆ ಹೆಸರಿನ ಮರೆಯಲ್ಲಿ ನೆರವು ಪಡೆಯುವ ಈ ಪಾಡು ಮುಂದೆ ಎಂಟು ಶತಮಾನ ಬಿಡಲಿಲ್ಲ.

ಮಠಗಳ ವೈಭವ ಇಳಿದ ಮೇಲೆ ಉಳಿದದ್ದು ಹರಕೆ. ಶಿಕಾರಿಪುರದ ಹುಚ್ಚರಾಯಸ್ವಾಮಿಯನ್ನು ಭ್ರಾಂತೇಶ ಎಂದೂ ಕರೆಯುತ್ತಾರೆ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶರ ಜೊತೆಗೆ ಎಣಿಸುವ ಈ ಆಂಜನೇಯ ಮನಸ್ಸಿನ ಭ್ರಾಂತಿ ಕಳೆಯುವವನೆಂದು ನಂಬಿಕೆ. ಸೊರಬದವರಿಗೆ ಚಂದ್ರಗುತ್ತಿಯ ರೇಣುಕಾಂಬೆ. ಮಕ್ಕಳಾಗಲೆಂದು, ಆದ ಮಕ್ಕಳು ನೆಟ್ಟಗಾಗಲೆಂದು, ಮೈಯ ರೋಗ ವಾಸಿಯಾಗಲೆಂದು ಅಲ್ಲಿ ಹೊತ್ತ ಹರಕೆಗಳಲ್ಲಿ ಬೆತ್ತಲೆಸೇವೆಯೂ ಒಂದಾಗಿತ್ತು. 1986ರಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆಯಾಯಿತು, ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ನಿಷೇಧ ಸರಿಯಾದದ್ದು, ಬಡ ಹೆಣ್ಣುಮಕ್ಕಳ ಮಾನವನ್ನು ಭಕ್ತಿಯ ಹೆಸರಿನಲ್ಲಿ ಬೀದಿಗಿಡುವ ಆಚಾರವನ್ನು ಸಮರ್ಥಿಸುವ ಮಾತು ನನ್ನಲ್ಲಿಲ್ಲ. ಆದರೆ ಆಗಿನ ಚರ್ಚೆಯೆಲ್ಲ ಮೂಢನಂಬಿಕೆಯ ಸುತ್ತಲೇ ಸುತ್ತಿತು. ಹರಕೆ ಹೊತ್ತವರು ಯಾವ ಕಷ್ಟಕ್ಕೆ ಹೊತ್ತರು, ಆ ಕಷ್ಟವನ್ನು ಕೇಳಿಸಿಕೊಳ್ಳುವ ಇನ್ನೊಂದು ಬಾಗಿಲು ತಾಲ್ಲೂಕಿನಲ್ಲಿ ಇತ್ತೇ ಎಂದು ಕೇಳಿದವರು ಕಡಿಮೆ. ದೇವಸ್ಥಾನದ ಒಂದು ಗುಣವನ್ನು ವಿಚಾರವಾದಿಗಳೂ ಗಮನಿಸಬೇಕು: ಮಗುವಿಗೆ ಏನಾಗಿದೆ ಎಂದು ಸಾಬೀತು ಮಾಡಿ ಬಾ ಎಂದು ಅದು ಕೇಳುವುದಿಲ್ಲ.

ಸರ್ಕಾರ ಕೇಳುತ್ತದೆ. ಬ್ರಿಟಿಷ್ ಭಾರತದಂತೆ ಮೈಸೂರು ಸಂಸ್ಥಾನದಲ್ಲೂ 1881ರಿಂದ 1931ರವರೆಗೆ ಹತ್ತು ವರ್ಷಕ್ಕೊಮ್ಮೆ ಜನಗಣತಿಯವರು ಮನೆಮನೆಗೆ ಬಂದು ನಾಲ್ಕು ಬಗೆಯ ಊನಗಳನ್ನು ಬರೆದುಕೊಂಡರು: ಹುಚ್ಚು, ಹುಟ್ಟು ಕಿವುಡು-ಮೂಕತನ, ಎರಡೂ ಕಣ್ಣಿನ ಕುರುಡು, ಕುಷ್ಠ. ಒಂದು ಕಣ್ಣು ಹೋದವರು ಲೆಕ್ಕಕ್ಕಿಲ್ಲ, ಬೆಳೆದ ಮೇಲೆ ಕಿವುಡಾದವರು ಲೆಕ್ಕಕ್ಕಿಲ್ಲ. ಆನವಟ್ಟಿಯದೋ ಶಿರಾಳಕೊಪ್ಪದ್ದೋ ಮಾತಾಡದ ಮಗುವೊಂದು ಗಣತಿದಾರನ ಕಣ್ಣಿಗೆ ಬಿದ್ದಿದ್ದರೆ ಅವನು ಅದನ್ನು ಮೂಕನೆಂದು ಬರೆಯಬೇಕಿತ್ತು, ಹುಚ್ಚನೆಂದು ಬರೆಯಬೇಕಿತ್ತು, ಇಲ್ಲವೇ ಮನೆಯವರು ಬಚ್ಚಿಟ್ಟದ್ದನ್ನು ಒಪ್ಪಿಕೊಂಡು ಮುಂದಿನ ಮನೆಗೆ ಹೋಗಬೇಕಿತ್ತು. ಮೂರನೆಯದೇ ಹೆಚ್ಚು ನಡೆದಿರಬೇಕು ಎಂಬುದು ನನ್ನ ಊಹೆ. ಮಗಳ ಮದುವೆ ಮಾಡಬೇಕಾದ ಮನೆಯಲ್ಲಿ ತಮ್ಮನ ಹೆಸರಿನ ಮುಂದೆ ಹುಚ್ಚು ಎಂದು ಯಾರು ಬರೆಸುತ್ತಾರೆ? 2011ರ ಗಣತಿಯಲ್ಲಿ ಊನಗಳಿಗಿದ್ದ ಎಂಟು ಕಲಮುಗಳಲ್ಲೂ ಆಟಿಸಂಗೆ ತನ್ನದೇ ಆದ ಕಲಮು ಇರಲಿಲ್ಲ.

ಸೊರಬ ತಾಲ್ಲೂಕಿಗೆ ಜಗತ್ತಿನ ವೈದ್ಯವಿಜ್ಞಾನ ಬರಲೇ ಇಲ್ಲವೆಂದಲ್ಲ. 1957ರಲ್ಲಿ ಇಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಯವರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಬಂದು ಉಣ್ಣೆಯಿಂದ ಹರಡುವ ಹೊಸ ವೈರಸ್ಸನ್ನು ಗುರುತಿಸಿದರು. ಆ ಕಾಡಿನ ಹೆಸರು ರೋಗದ ಹೆಸರಾಗಿ ವೈದ್ಯಗ್ರಂಥಗಳಿಗೆ ಸೇರಿತು. ಸಾವು ತರುವ, ಹಲವರಿಗೆ ಹಬ್ಬುವ, ಕಾಡಿನಲ್ಲಿ ಹೆಣವಾಗಿ ಕಾಣುವ ರೋಗ ಪಟ್ಟಿಗೆ ಸೇರಲು ಕೆಲವೇ ತಿಂಗಳು ಸಾಕಾಯಿತು. ಯಾರಿಗೂ ಅಂಟದ, ಯಾರನ್ನೂ ಕೊಲ್ಲದ, ಒಂದೇ ಮನೆಯ ಒಬ್ಬಳೇ ತಾಯಿಯ ನಿದ್ದೆ ಕೆಡಿಸುವ ಸ್ಥಿತಿಗೆ ಅಂಥ ಅವಸರ ಯಾವ ಸರ್ಕಾರಕ್ಕೂ ಇರುವುದಿಲ್ಲ. ಇದು ದೂರಲ್ಲ, ಸಾರ್ವಜನಿಕ ಆರೋಗ್ಯದ ಯಂತ್ರ ಕಟ್ಟಿರುವುದೇ ಹಾಗೆ.

ಹಾಗಾದರೆ ಅವಸರ ಯಾರಿಗಿತ್ತು? ಲಂಡನ್ನಿನಲ್ಲಿ 1962ರಲ್ಲಿ ಕೆಲವು ತಂದೆತಾಯಿಗಳು ಸೇರಿ ಸಂಘ ಕಟ್ಟಿದರು. ಅವರಲ್ಲಿ ಲೋರ್ನಾ ವಿಂಗ್ ಮನೋವೈದ್ಯೆಯೂ ಹೌದು, ಆಟಿಸಂ ಇದ್ದ ಮಗಳ ತಾಯಿಯೂ ಹೌದು. ಅಮೆರಿಕದಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್, ಆತನೂ ಇಂಥದೇ ಮಗನ ತಂದೆ, 1964ರಲ್ಲಿ ಪುಸ್ತಕ ಬರೆದು ಇದು ಜೈವಿಕ ಸ್ಥಿತಿ ಎಂದು ವಾದಿಸಿದ. ಮರುವರ್ಷ ಅಲ್ಲೂ ಪೋಷಕರ ಸಂಘ ಹುಟ್ಟಿತು. ಇದೇ ಹೊತ್ತಿನಲ್ಲಿ, 1967ರಲ್ಲಿ, ಬ್ರೂನೊ ಬೆಟಲ್‌ಹೈಮ್ ಎಂಬ ಪ್ರಸಿದ್ಧ ವಿದ್ವಾಂಸ ತಾಯಂದಿರ ಪ್ರೀತಿಯ ಕೊರತೆಯೇ ಕಾರಣವೆಂದು ದೊಡ್ಡ ಗ್ರಂಥ ಬರೆದ. ಅಂದರೆ ಶಾಸ್ತ್ರ ಅರಿತವರು ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಾಗ ಸತ್ಯದ ಹತ್ತಿರ ಇದ್ದದ್ದು ಮನೆಯಲ್ಲಿ ಮಗುವನ್ನು ನೋಡುತ್ತಿದ್ದವರು. ನಮ್ಮಲ್ಲಿ ಮೆರ್ರಿ ಬರುವಾ, ಅವರೂ ತಾಯಿಯೇ, ದಿಲ್ಲಿಯಲ್ಲಿ 1991ರಲ್ಲಿ ಆಕ್ಷನ್ ಫಾರ್ ಆಟಿಸಂ ಆರಂಭಿಸಿದರು. ಕರ್ನಾಟಕದ ಮಟ್ಟಿಗೆ 1995 ನೆನಪಿಡಬೇಕಾದ ವರ್ಷ: ಬೆಂಗಳೂರಿನಲ್ಲಿ ಆಟಿಸಂ ಮಕ್ಕಳಿಗಾಗಿ ಆಶಾ ಸಂಸ್ಥೆ ಹುಟ್ಟಿದ್ದೂ, ಬೌದ್ಧಿಕ ಅಸಾಮರ್ಥ್ಯವಿರುವವರ ಪೋಷಕರ ಸಂಘಗಳ ರಾಷ್ಟ್ರೀಯ ಒಕ್ಕೂಟ ಪರಿವಾರ್ ರೂಪುಗೊಂಡದ್ದೂ ಆಗಲೇ. ಅದೇ ವರ್ಷದ ಕಾಯ್ದೆ ಆಟಿಸಂ ಅನ್ನು ಹೊರಗಿಟ್ಟಿತು. ಪೋಷಕರು ಬಿಡದೆ ಹಿಂದೆ ಬಿದ್ದರು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ ಎಂಬ ಹೆಸರು ಮೊದಲ ಸಲ ಕಾನೂನಿನ ಪುಟಕ್ಕೆ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿದಾಗ ಅದು ಅಲ್ಲೂ ಸೇರಿತು. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದಲೂ, ನಿಮ್ಹಾನ್ಸ್ 1974ರಿಂದಲೂ ಇದ್ದವು, ಅವುಗಳ ಉಪಕಾರ ಸಣ್ಣದಲ್ಲ. ಸಿ.ಆರ್. ಚಂದ್ರಶೇಖರ್, ಶಿವಮೊಗ್ಗದ ಅಶೋಕ್ ಪೈ ಅಂಥ ಮನೋವೈದ್ಯರು ಮನೋರೋಗದ ವಿಚಾರವನ್ನು ಕನ್ನಡದಲ್ಲಿ ಹೇಳಿ ಎಷ್ಟೋ ಮನೆಗಳ ಭಯ ಬಿಡಿಸಿದರು. ಆದರೂ ಕಾಯ್ದೆಯ ಬಾಗಿಲು ತಟ್ಟಿ ತೆಗೆಸಿದ ಕೈ ಪೋಷಕರದು.

ಇಷ್ಟಕ್ಕೆಲ್ಲ ಅಗತ್ಯವೇ ಇರಲಿಲ್ಲ ಎನ್ನುವವರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಮಲೆನಾಡಿನ ಅಂಚಿನ ಈ ಹಳ್ಳಿಗಳ ಕೂಡುಮನೆಯಲ್ಲಿ ಇಂಥ ಹುಡುಗನಿಗೂ ಒಂದು ಜಾಗವಿತ್ತು, ದನ ಹೊಡೆದುಕೊಂಡು ಹೋಗುತ್ತಿದ್ದ, ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದ, ಊರೆಲ್ಲ ಅವನನ್ನು ಬಲ್ಲದು, ಹೆಸರಿಟ್ಟು ದೂರ ಮಾಡಿದ್ದು ಆಸ್ಪತ್ರೆ ಎಂಬ ವಾದ. ಕೆಲವು ಮಕ್ಕಳ ವಿಷಯದಲ್ಲಿ ಇದು ನಿಜವೂ ಆಗಿದ್ದೀತು. ದಿನವೂ ಒಂದೇ ದಾರಿ, ಒಂದೇ ಕೆಲಸ, ಪರಿಚಿತ ಮುಖಗಳು: ಆಟಿಸಂ ಇರುವವರಿಗೆ ನೆಮ್ಮದಿ ಕೊಡುವ ಅಂಶಗಳೇ ಅವು. ಆದರೆ ಹಳ್ಳಿ ತಾನಾಗಿಯೇ ಎಲ್ಲರನ್ನೂ ನೋಡಿಕೊಳ್ಳುತ್ತದೆ ಎಂಬ ನಂಬಿಕೆಗೆ ಇದೇ ಜಿಲ್ಲೆಯಲ್ಲಿ ಪೆಟ್ಟು ಬಿದ್ದಿದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಜ್ಞರು 2005ರಿಂದ ನಡೆಸಿದ ಸಮುದಾಯ ಕಾರ್ಯಕ್ರಮದಲ್ಲಿ ಸ್ಕಿಜೋಫ್ರೇನಿಯಾ ಇದ್ದೂ ವರ್ಷಗಟ್ಟಲೆ ಚಿಕಿತ್ಸೆ ಕಾಣದೆ ಮನೆಯಲ್ಲೇ ಉಳಿದವರು ಸಿಕ್ಕಿದರು. ಊರಲ್ಲೇ ಔಷಧಿ ದೊರೆತಾಗ ಅವರ ಬದುಕು ಸುಧಾರಿಸಿತು. ಅದು ಬೇರೆ ಕಾಯಿಲೆ, ಆಟಿಸಂ ಕಾಯಿಲೆಯೇ ಅಲ್ಲ ಎಂಬ ಎಚ್ಚರ ನನಗಿದೆ. ಪಾಠ ಮಾತ್ರ ಒಂದೇ: ಊರು ಸಹಿಸಿಕೊಂಡಿತ್ತು, ನೆರವಾಗಿರಲಿಲ್ಲ. ಕೂಡುಮನೆಯ ಹೊಗಳಿಕೆಯಲ್ಲಿ ಇನ್ನೊಂದು ಲೆಕ್ಕ ಬಿಟ್ಟುಹೋಗುತ್ತದೆ. ಆ ಹುಡುಗನಿಗೆ ಉಣ್ಣಿಸಿ, ಮೈ ತೊಳೆಸಿ, ಕೆರೆಯ ಕಡೆ ಓಡದಂತೆ ಕಾದವಳು ಒಬ್ಬಳೇ ಹೆಂಗಸು. ಅವಳ ಆಯುಸ್ಸು ಮುಗಿದ ಮೇಲಿನ ಕಥೆಯನ್ನು ಯಾರೂ ಅಷ್ಟು ಪ್ರೀತಿಯಿಂದ ಹೇಳುವುದಿಲ್ಲ.

ಈಗ ಪಟ್ಟಿಯಲ್ಲಿ ಹೆಸರಿದೆ. ಹೆಸರು ಬಂದ ಮೇಲೆ ಪುರಾವೆಯ ಸರದಿ. ಆಟಿಸಂ ಅಳೆಯಲು ಸಿಕಂದರಾಬಾದಿನ ಬೌದ್ಧಿಕ ಅಸಾಮರ್ಥ್ಯ ಕುರಿತ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ. 70ಕ್ಕಿಂತ ಕಡಿಮೆ ಅಂಕ ಬಂದರೆ ಆಟಿಸಂ ಇಲ್ಲ, 153 ದಾಟಿದರೆ ತೀವ್ರ. ಕಾಯ್ದೆಯ ಮುಖ್ಯ ಸೌಲಭ್ಯಗಳಿಗೆ ಶೇ. 40ರ ಗೆರೆ ಮುಟ್ಟಬೇಕು. ಅಳತೆಯಿಲ್ಲದೆ ಸರ್ಕಾರದ ಹಣ ಹಂಚಲಾಗದು ಎಂಬ ಅಧಿಕಾರಿಗಳ ಮಾತು ನ್ಯಾಯವೇ. ಮಠಕ್ಕೆ ಲೆಕ್ಕಪರಿಶೋಧನೆ ಇರಲಿಲ್ಲ. ಕಷ್ಟ ಇರುವುದು ಅಳತೆಯಲ್ಲಿ ಅಲ್ಲ, ಅಳೆಯುವವರು ಕೂತಿರುವ ದೂರದಲ್ಲಿ. ಅವರಿರುವ ಶಿವಮೊಗ್ಗ ಶಿಕಾರಿಪುರದಿಂದ ಸುಮಾರು ಐವತ್ತು ಕಿಲೋಮೀಟರು, ಸೊರಬದಿಂದ ಇನ್ನೂ ದೂರ. ಹಳೆಯ ರೈಲು ಹಳಿಯೂ ಈ ಎರಡು ಪಟ್ಟಣಗಳನ್ನು ಬದಿಗಿಟ್ಟು ಸಾಗರದ ಮೇಲೆ ತಾಳಗುಪ್ಪಕ್ಕೆ ಹೋಯಿತು. ಗದ್ದಲಕ್ಕೆ ಕಿವಿ ಮುಚ್ಚಿ ಕಿರುಚುವ ಮಗುವನ್ನು ತುಂಬಿದ ಬಸ್ಸಿನಲ್ಲಿ ಕರೆದೊಯ್ಯುವುದೆಂದರೆ ಏನೆಂದು ನಿಯಮ ಬರೆದವರು ಊಹಿಸಿದಂತಿಲ್ಲ. ಬಂಗಾರಪ್ಪ, ಯಡಿಯೂರಪ್ಪ ಎಂದು ಎರಡು ನೆರೆ ತಾಲ್ಲೂಕುಗಳು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ರಸ್ತೆ, ಕಟ್ಟಡ, ನೀರಾವರಿಯಲ್ಲಿ ಅದರ ಗುರುತು ಕಾಣುತ್ತದೆ. ತಾಲ್ಲೂಕಿನ ಒಳಗೆ ಈ ಮಕ್ಕಳನ್ನು ಮುಟ್ಟುವ ವ್ಯವಸ್ಥೆ ಮಾತ್ರ ತೀರ ಸಣ್ಣ ಕೆಲಸಗಾರರ ಹೆಗಲ ಮೇಲಿದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುತ್ತದೆ, ಅದರ ಪಟ್ಟಿಯಲ್ಲಿ ಆಟಿಸಂ ಇದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ದುಡಿಯುತ್ತಾರೆ, ಅವರೂ ಅಂಗವಿಕಲರೇ. ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಕಲಿಸುತ್ತಾರೆ, ಶಾಲಾ ಸಿದ್ಧತಾ ಕೇಂದ್ರ ನಡೆಸುತ್ತಾರೆ. ಮಗುವನ್ನು ಅಲ್ಲಿಗೆ ಕರೆತಂದ ತಾಯಂದಿರು ಜಗುಲಿಯ ಮೇಲೆ ಕಾಯುತ್ತ ಕೂತಾಗ ತಮ್ಮಲ್ಲೇ ಮಾತಾಡುತ್ತಾರೆ: ತಡವಾಗಿ ಮಾತು ಬರುತ್ತದೆ ಬಿಡು ಎಂದು ಹಿರಿಯರು ಎಷ್ಟು ವರ್ಷ ತಳ್ಳಿದರು, ಸರ್ಟಿಫಿಕೇಟಿಗೆ ಯಾವ ವಾರ ಹೋದರೆ ಡಾಕ್ಟರ್ ಸಿಗುತ್ತಾರೆ, ನಾವು ಹೋದ ಮೇಲೆ ಇವನ ಗತಿ ಏನು. ಕೊನೆಯ ಪ್ರಶ್ನೆಗೆ 1999ರ ಕಾಯ್ದೆಯಲ್ಲಿ ಒಂದು ಉತ್ತರವಿದೆ. ಹದಿನೆಂಟು ದಾಟಿದ ಮಗನಿಗೆ ಪಾಲಕರನ್ನು ನೇಮಿಸುವ ಅಧಿಕಾರ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯದು. ಅದರಲ್ಲಿ ಜಿಲ್ಲಾಧಿಕಾರಿಯ ಜೊತೆಗೆ ಅಂಗವಿಕಲ ವ್ಯಕ್ತಿಯೊಬ್ಬರೂ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೊಬ್ಬರೂ ಕೂರಬೇಕು. ಹಾಗೆ ನೋಂದಾಯಿಸಿಕೊಳ್ಳಬಹುದಾದ ಸಂಸ್ಥೆಗಳ ಸಾಲಿನಲ್ಲಿ ಸ್ವಯಂಸೇವಾ ಸಂಸ್ಥೆಗಳ ಜೊತೆ ಪೋಷಕರ ಸಂಘವನ್ನೂ ಕಾಯ್ದೆ ಹೆಸರಿಸಿದೆ. ಅಂದರೆ ಆ ಜಗುಲಿಯ ತಾಯಂದಿರು ಒಂದು ಸಂಘವಾಗಿ ನ್ಯಾಷನಲ್ ಟ್ರಸ್ಟಿನಲ್ಲಿ ನೋಂದಾಯಿಸಿಕೊಂಡರೆ ಶಿವಮೊಗ್ಗದ ಸಮಿತಿಯ ಆ ಕುರ್ಚಿಯನ್ನು ಕೇಳಲು ಅವರಿಗೆ ಕಾನೂನಿನ ಅಡ್ಡಿಯಿಲ್ಲ.