ಮಿಂಚುಹುಳುಗಳ ವರ್ಗೀಕರಣದಲ್ಲಿ ಬೆಳಕಿನ ಪ್ರಾಮಾಣ್ಯ

ಕೀಟಗಳ ವರ್ಗೀಕರಣವು ಇತಿಹಾಸಕಾರನ ಕ್ಷೇತ್ರವಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಯಾವ ಆಧಾರವನ್ನು ಪ್ರಮಾಣವೆಂದು ಸ್ವೀಕರಿಸಬೇಕೆಂಬ ಪ್ರಶ್ನೆಯು ನಮ್ಮನ್ನು ಕಾಡುವಂತೆಯೇ ಕೀಟಶಾಸ್ತ್ರಜ್ಞರನ್ನೂ ಕಾಡಿದೆ. ಮಿಂಚುಹುಳುವಿನ ವಿಷಯದಲ್ಲಿ ಇದು ವಿಶೇಷವಾಗಿ ಸ್ಪಷ್ಟವಾಗುತ್ತದೆ.

ಲಿನೇಯಸನು 1758ರಲ್ಲಿ ಯೂರೋಪಿನ ಸಾಮಾನ್ಯ ಮಿಂಚುಹುಳುವನ್ನು ಕ್ಯಾಂಥಾರಿಸ್ ಜಾತಿಗೆ ಸೇರಿಸಿ, ಇರುಳಿನಲ್ಲಿ ಬೆಳಗುವುದೆಂಬ ಅರ್ಥದ ‘ನಾಕ್ಟಿಲೂಕ’ ಎಂಬ ಹೆಸರನ್ನಿತ್ತನು. 1762ರಲ್ಲಿ ಫ್ರಾನ್ಸಿನ ಜೆಫ್ರ್ವಾ ಲ್ಯಾಂಪಿರಿಸ್ ಎಂಬ ಪ್ರತ್ಯೇಕ ಜಾತಿಯನ್ನು ಸ್ಥಾಪಿಸಿದನು. ಮುಂದೆ ಅದರಿಂದಲೇ ಲ್ಯಾಂಪಿರಿಡೀ ಎಂಬ ಕುಟುಂಬದ ಹೆಸರು ಹುಟ್ಟಿತು. ಹೆಸರು ಬೆಳಕಿನದಾದರೂ ವಿಂಗಡಣೆಗೆ ಬೆಳಕು ಆಧಾರವಾಗಲಿಲ್ಲ. ಸೂಜಿಗೆ ಚುಚ್ಚಿ ಒಣಗಿಸಿದ ಹುಳುವಿನ ಕುಡಿಮೀಸೆ, ರೆಕ್ಕೆಯ ಕವಚ, ತಲೆಯನ್ನು ಮರೆಮಾಡುವ ಎದೆಯ ಫಲಕ ಇವೇ ಮುಖ್ಯ ಲಕ್ಷಣಗಳಾದುವು. ಇದನ್ನು ತಪ್ಪೆನ್ನಲಾಗದು. ಹಗಲಿನಲ್ಲಿ ಸಂಚರಿಸುವ, ಪ್ರೌಢಾವಸ್ಥೆಯಲ್ಲಿ ಬೆಳಗದ ಪ್ರಭೇದಗಳು ಈ ಕುಟುಂಬದಲ್ಲಿಯೇ ಉಂಟು. ಇದಕ್ಕೆ ಸೇರದ ಅಮೆರಿಕದ ಪೈರೋಫೋರಸ್ ಜೀರುಂಡೆಯಾದರೋ ಉಜ್ಜ್ವಲವಾಗಿ ಬೆಳಗುತ್ತದೆ.

ತೊಡಕು ತಲೆದೋರಿದುದು ಉತ್ತರ ಅಮೆರಿಕದ ಫೋಟ್ಯೂರಿಸ್ ಜಾತಿಯಲ್ಲಿ. ಪೆಟ್ಟಿಗೆಯಲ್ಲಿ ಒಂದೇ ಎನಿಸುವ ಹುಳುಗಳು ಕತ್ತಲೆಯಲ್ಲಿ ಬೇರೆ ಬೇರೆ ಲಯದಲ್ಲಿ ಮಿನುಗುವುದನ್ನು ಎಚ್. ಎಸ್. ಬಾರ್ಬರನು ಗಮನಿಸಿದನು. ಮಿನುಗು ಕೂಡಿಕೆಯ ಸಂಕೇತ. ಆದುದರಿಂದ ಲಯ ಬೇರೆಯಾದರೆ ಪ್ರಭೇದವೂ ಬೇರೆಯಾಗಿರಬೇಕೆಂಬುದು ಅವನ ವಾದ. ಅವನ ಪ್ರಬಂಧವು ಮರಣಾನಂತರ, 1951ರಲ್ಲಿ, ಮ್ಯಾಕ್‌ಡರ್ಮಟನ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಪ್ರಭೇದಕ್ಕೆ ನಡುಗುವುದೆಂದೂ ಮತ್ತೊಂದಕ್ಕೆ ಬೆಳಕು ಏರುವುದೆಂದೂ ಅರ್ಥ ಬರುವ ಲ್ಯಾಟಿನ್ ಹೆಸರುಗಳಿವೆ. ಸತ್ತ ಹುಳು ತೋರಿಸಲಾರದ ಲಕ್ಷಣವೇ ಹೀಗೆ ಹೆಸರಾಯಿತು!

ಆದರೆ ಈ ಸಾಕ್ಷ್ಯವೂ ನಿಷ್ಕಳಂಕವಲ್ಲ. ಫೋಟ್ಯೂರಿಸ್ ಹೆಣ್ಣು ಫೋಟೈನಸ್ ಜಾತಿಯ ಹೆಣ್ಣಿನ ಉತ್ತರವನ್ನು ಅನುಕರಿಸಿ, ಮೋಸಹೋಗಿ ಬಂದ ಗಂಡನ್ನು ಹಿಡಿದು ತಿನ್ನುವುದೆಂದು ಜೇಮ್ಸ್ ಲಾಯ್ಡ್ 1965ರಲ್ಲಿ ವರದಿಮಾಡಿದನು. ಕೂಟಶಾಸನಗಳ ಪರಿಚಯವುಳ್ಳವರಿಗೆ ಇದು ಹೊಸತೆನಿಸದು. ಫೋಟ್ಯೂರಿಸ್ ಗಂಡುಗಳಲ್ಲಿಯೂ ಒಂದೇ ಹುಳು ಒಂದಕ್ಕಿಂತ ಹೆಚ್ಚು ಲಯಗಳನ್ನು ಬಳಸಬಲ್ಲದೆಂದು ಅನಂತರ ತಿಳಿದುಬಂದಿತು. ಅಂದಮೇಲೆ ಒಂದು ಸಂಜೆ ಕಂಡ ಮಿನುಗಿನಿಂದಲೇ ಪ್ರಭೇದವನ್ನು ನಿರ್ಣಯಿಸುವಂತಿಲ್ಲ.

ಇಂದು ಲೋಕದಲ್ಲಿ 2,000ಕ್ಕೂ ಮಿಕ್ಕಿದ ಪ್ರಭೇದಗಳು ಲೆಕ್ಕಕ್ಕೆ ಬಂದಿವೆ. ಡಿಎನ್‌ಎ ಹಾಗೂ ದೇಹರಚನೆ ಎರಡನ್ನೂ ಕೂಡಿಸಿ 2019ರಲ್ಲಿ ಪ್ರಕಟವಾದ ವರ್ಗೀಕರಣವೂ ಕೆಲವು ಜಾತಿಗಳ ಸ್ಥಾನವನ್ನು ಅನಿಶ್ಚಿತವೆಂದೇ ಬಿಟ್ಟಿದೆ. ಸಂಗ್ರಹಿಸಿದವನು ಮಿನುಗಿನ ಲಯವನ್ನು ಚೀಟಿಯಲ್ಲಿ ಬರೆದಿಡದ ಹಳೆಯ ಫೋಟ್ಯೂರಿಸ್ ಮಾದರಿಗಳಲ್ಲಿ ಅನೇಕವು ಯಾವ ಪ್ರಭೇದದವೆಂದು ಹೇಳುವುದು ಈಗಲೂ ಕಷ್ಟ.