ದಾಸೋಹದ ಮತ್ತೊಂದು ಮನೆ: ಬಳ್ಳಿಗಾವೆಯ ಶಾಸನದಿಂದ ಬಿಳಿಗಿರಿಯ ಆರೋಗ್ಯ ಕೇಂದ್ರದವರೆಗೆ



ದಾಸೋಹವೆಂದೊಡನೆ ಸದ್ಭಕ್ತರ ಕಣ್ಣ ಮುಂದೆ ಮೂಡುವುದು ಅನ್ನದ ಪಂಕ್ತಿ. ಆದರೆ ಅನ್ನದೊಡನೆ ಔಷಧವೂ ಮಠದ ಧರ್ಮಕಾರ್ಯವಾಗಿತ್ತೆಂಬುದಕ್ಕೆ ಕನ್ನಡನಾಡಿನಲ್ಲಿ ಕಲ್ಲಿನ ಸಾಕ್ಷ್ಯವೇ ಇದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಅಲ್ಲಮಪ್ರಭುದೇವರ ಬದುಕಿನೊಡನೆ ಬೆಸೆದುಕೊಂಡಿರುವ ಊರು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕ್ರಿ.ಶ. 1162ರ ಶಾಸನವೊಂದು ಕೋಡಿಯಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಪುರಾಣಗಳ ಅಧ್ಯಯನ ನಡೆಯುವ ಸ್ಥಾನವೆಂದು ಹೊಗಳುತ್ತಾ ಹೋಗಿ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನವಿಕ್ಕುವ ಸ್ಥಾನವೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನೀಡುವ ಸ್ಥಾನವೆಂದೂ ಹೇಳುತ್ತದೆ.

ಅದು ಕಾಳಾಮುಖ ಸಂಪ್ರದಾಯದ ಮಠ. ಅದನ್ನು ನಮ್ಮದೆಂದು ಹೇಳಿಕೊಳ್ಳುವುದು ಇತಿಹಾಸಕ್ಕೆ ಮಾಡುವ ಅಪಚಾರವಾದೀತು. ಆದರೂ ಈ ಶಾಸನ ಹುಟ್ಟಿದ್ದು ಬಿಜ್ಜಳನ ಆಳ್ವಿಕೆಯಲ್ಲಿ, ಅಂದರೆ ಕಲ್ಯಾಣದಲ್ಲಿ ಬಸವಾದಿ ಶರಣರು ಮಹಾಮನೆಯನ್ನು ನಡೆಸುತ್ತಿದ್ದ ಕಾಲದಲ್ಲಿ ಎಂಬುದು ಗಮನಾರ್ಹ. ಮಠದ ಬಾಗಿಲಿಗೆ ಬಂದ ರೋಗಿಗೆ ಮದ್ದು ಕೊಡುವ ಪರಿಪಾಠ ಆಗಲೇ ಇತ್ತು. ಹಾಗಾದರೆ ಶರಣರು ಇದಕ್ಕೆ ಸೇರಿಸಿದ್ದೇನು?

ಉತ್ತರಕ್ಕೆ ವೈದ್ಯ ಸಂಗಣ್ಣನವರತ್ತ ನೋಡಬೇಕು. ವೈದ್ಯವನ್ನೇ ಕಾಯಕವನ್ನಾಗಿಸಿಕೊಂಡ ಶರಣರು ಅವರು. ದೇಹದ ರೋಗ, ಅದರ ಚಿಕಿತ್ಸೆಗಳ ಪರಿಭಾಷೆಯನ್ನೇ ಬಳಸಿ ಭವರೋಗವನ್ನು ಕುರಿತು ಮಾತನಾಡಿದವರು. ಅನುಭಾವದ ಅರ್ಥವನ್ನು ಬಿಡಿಸುವ ಉತ್ಸಾಹದಲ್ಲಿ ನಾವು ವ್ಯಾಖ್ಯಾನಕಾರರು ಒಂದು ಸರಳ ಸಂಗತಿಯನ್ನು ದಾಟಿ ಹೋಗಿಬಿಡುತ್ತೇವೆ: ಅವರು ನಿಜವಾಗಿಯೂ ಮದ್ದು ಅರೆಯುತ್ತಿದ್ದ ವೈದ್ಯರು. ಕಾಯಕವೆಂಬುದು ನಿತ್ಯದ್ದು, ಪರ್ವಕಾಲದಲ್ಲಿ ಮಾತ್ರ ಮಾಡುವಂಥದ್ದಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಮಾಡುವವನು ತಾನೇ ದಾಸನಾಗುತ್ತಾನೆ. ಈ ಎರಡನ್ನೂ ಕೂಡಿಸಿ ನೋಡಿದರೆ ಶರಣರ ದೃಷ್ಟಿಯ ವೈದ್ಯಸೇವೆಗೆ ಎರಡು ಲಕ್ಷಣಗಳು ದೊರೆಯುತ್ತವೆ. ವೈದ್ಯನು ದಿನವೂ ಅಲ್ಲಿಯೇ ಇರಬೇಕು. ಮತ್ತು ರೋಗಿಗಿಂತ ಮೇಲೆ ಕುಳಿತಿರಬಾರದು.

ಇಂದು ಮಠಗಳ ಜಾತ್ರೆ, ಪುಣ್ಯಸ್ಮರಣೋತ್ಸವಗಳಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರಗಳು ತಪ್ಪದೆ ನಡೆಯುತ್ತವೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಂತಹ ಕಾರ್ಯಕ್ಕೆ ಶಿಬಿರಗಳಿಂದ ಬಹಳ ಉಪಕಾರವಾಗಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಸಂಜೆ ಶಾಮಿಯಾನ ಬಿಚ್ಚಿದ ಮೇಲೆ ರಕ್ತದೊತ್ತಡದ ಚೀಟಿಯನ್ನು ಹಿಡಿದುಕೊಂಡ ಅಜ್ಜಿ ಮರುದಿನ ಯಾರ ಬಳಿಗೆ ಹೋಗಬೇಕು?

ನಮ್ಮ ಸರ್ಕಾರಗಳು ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರವನ್ನು ಬಹು ಹಿಂದೆಯೇ ಬರೆದಿವೆ. 1946ರಲ್ಲಿ ವರದಿ ಸಲ್ಲಿಸಿದ ಸರ್ ಜೋಸೆಫ್ ಭೋರ್ ಸಮಿತಿಯು ಹಣ ಕೊಡಲಾರದವನೂ ಚಿಕಿತ್ಸೆಯಿಂದ ವಂಚಿತನಾಗಬಾರದೆಂಬ ತತ್ತ್ವವನ್ನು ಮುಂದಿಟ್ಟು, ಹಳ್ಳಿಗಾಡಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸೂಚಿಸಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಅವು ಆರಂಭವಾದವು. ಬಯಲು ಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಕೇಂದ್ರವೆಂಬ ಲೆಕ್ಕವೂ ಮುಂದೆ ಬಂತು. ಕಟ್ಟಡ ಎದ್ದಲ್ಲೆಲ್ಲ ವೈದ್ಯರು ನೆಲೆಸಲಿಲ್ಲವೆಂಬುದು ಹಳ್ಳಿಯ ಭಕ್ತರಿಗೆ ನಾನು ಹೇಳಬೇಕಾದ ವಿಷಯವಲ್ಲ.

ಇಲ್ಲಿ ಬಿಳಿಗಿರಿರಂಗನ ಬೆಟ್ಟದ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕೆನಿಸುತ್ತದೆ. ಈ ಬೆಟ್ಟಸೀಮೆಯ ಸೋಲಿಗರು ನಮಗೆ ಅಪರಿಚಿತರಲ್ಲ. ಮಲೆಯ ಮಾದಪ್ಪನ ಮಹಾಕಾವ್ಯದಲ್ಲಿ ಬರುವ ಸಂಕಮ್ಮ ಸೋಲಿಗರ ಹೆಣ್ಣುಮಗಳು; ಆಕೆಯ ಮಕ್ಕಳು ಕಾರಯ್ಯ, ಬಿಲ್ಲಯ್ಯ. ಬಿಳಿಗಿರಿಯ ರಂಗನಾಥನನ್ನಂತೂ ಸೋಲಿಗರು ತಮ್ಮ ಕುಲದ ಹೆಣ್ಣನ್ನು ವರಿಸಿದ ಭಾವನೆಂದೇ ಕರೆಯುತ್ತಾರೆ. ಕಂಸಾಳೆಯ ಪದಗಳಲ್ಲಿ ಸಂಕಮ್ಮನ ಕಷ್ಟವನ್ನು ಕೇಳಿ ಕಣ್ಣೀರಿಡುವ ನಾವು, ಅದೇ ಕುಲದ ಬಾಣಂತಿಗೆ ಜ್ವರ ಬಂದರೆ ನೋಡುವವರು ಯಾರೆಂದು ಕೇಳಿಕೊಂಡದ್ದು ಕಡಿಮೆ.

ಕೇಳಿಕೊಂಡವರು ಡಾ. ಎಚ್. ಸುದರ್ಶನ್. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ 1973ರಲ್ಲಿ ಪದವಿ ಪಡೆದು, ರಾಮಕೃಷ್ಣ ಆಶ್ರಮದ ಆರೋಗ್ಯ ಸೇವೆಯಲ್ಲಿ ದುಡಿದು, ಬೆಟ್ಟಕ್ಕೆ ಬಂದು ಸಣ್ಣ ಗುಡಿಸಲಿನಲ್ಲಿ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಅವರ ಪ್ರೇರಣೆ ಸ್ವಾಮಿ ವಿವೇಕಾನಂದರು, ವಚನಗಳಲ್ಲ. ಸೇವೆಯ ಮೂಲ ಯಾವುದಾದರೇನು, ಅದು ಜಂಗಮಸೇವೆಯೇ ಸರಿ ಎಂಬುದು ನನ್ನ ಭಾವನೆ. ಕಾಡು 1974ರಲ್ಲಿ ಅಭಯಾರಣ್ಯವಾದ ಮೇಲೆ ಸೋಲಿಗರ ಬೇಸಾಯ, ಬೇಟೆಗಳೆರಡೂ ಕಾನೂನಿನ ಕಟ್ಟಳೆಗೆ ಸಿಲುಕಿದ್ದವು. ಇಂಥವರ ನಡುವೆ ಕೆಲಸಕ್ಕಿಳಿದ ಕೇಂದ್ರವು ಔಷಧಕ್ಕೆ ಮಾತ್ರ ನಿಲ್ಲದೆ ಶಾಲೆ, ಕಸುಬುಗಳ ತರಬೇತಿ, ಭೂಮಿಯ ಹಕ್ಕುಗಳತ್ತ ಸಾಗಬೇಕಾಯಿತು. ಹಸಿವಿನಿಂದ ಬಂದ ರೋಗಕ್ಕೆ ಮಾತ್ರೆಯೊಂದೇ ಸಾಲದಲ್ಲ!

ಬೆಟ್ಟದ ಬುಡದ ಯಳಂದೂರು ತಾಲ್ಲೂಕಿನಲ್ಲಿ ಕಾಡುತ್ತಿದ್ದುದು ಕುಷ್ಠರೋಗ. ಅದರ ವಿರುದ್ಧ ಕೆಲಸ ಮಾಡಲೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಈ ರೋಗದ ಚಿಕಿತ್ಸೆಯ ಕ್ರಮವನ್ನು ಅರಿತರೆ ಶಿಬಿರಕ್ಕೂ ಕೇಂದ್ರಕ್ಕೂ ಇರುವ ಅಂತರ ತಾನಾಗಿಯೇ ತಿಳಿಯುತ್ತದೆ. 1980ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯಲ್ಲಿ ರಿಫಾಂಪಿಸಿನ್ ಮಾತ್ರೆಯನ್ನು ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತರ ಕಣ್ಣೆದುರಿಗೇ ನುಂಗಬೇಕು. ಡ್ಯಾಪ್ಸೋನನ್ನು ಪ್ರತಿದಿನ ಮನೆಯಲ್ಲಿ ಸೇವಿಸಬೇಕು. ಸೌಮ್ಯವಾದ ರೂಪಕ್ಕೆ ಆರು ತಿಂಗಳು. ತೀವ್ರವಾದುದಕ್ಕೆ ಮೊದಲು ಎರಡು ವರ್ಷ, ಅನಂತರ ಒಂದು ವರ್ಷ. ಒಂದು ದಿನ ಬಂದು ಹೋಗುವವರಿಂದ ಇದು ಸಾಧ್ಯವಿಲ್ಲ. ಮಚ್ಚೆಯನ್ನು ಮುಚ್ಚಿಡುವವರ ಮನೆಯನ್ನು ಹುಡುಕಿ ಹೋಗಬೇಕು, ಪೂರ್ವಜನ್ಮದ ಪಾಪವೆನ್ನುವ ನೆರೆಹೊರೆಯವರನ್ನು ಒಲಿಸಬೇಕು, ಸ್ಪರ್ಶಜ್ಞಾನವಿಲ್ಲದ ಪಾದದ ಹುಣ್ಣನ್ನು ತೊಳೆಯಬೇಕು. ತಾಲ್ಲೂಕಿನಲ್ಲಿ 1987ರಲ್ಲಿ ಸಾವಿರಕ್ಕೆ 21.4ರಷ್ಟಿದ್ದ ರೋಗಿಗಳ ಪ್ರಮಾಣವು 2005ರ ವೇಳೆಗೆ 0.28ಕ್ಕೆ ಇಳಿಯಿತೆಂದು ಟ್ರಸ್ಟಿನ ದಾಖಲೆ ಹೇಳುತ್ತದೆ. ಆ ಹದಿನೆಂಟು ವರ್ಷಗಳ ಹಿಂದೆ ಎಷ್ಟು ಮನೆಗಳ ಹೊಸ್ತಿಲು ತುಳಿದಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು.

ಮನೆಮನೆಗೆ ಹೋದಾಗ ಮೂರ್ಛೆರೋಗಿಗಳೂ ಕಂಡುಬಂದರು. ತಲೆಗೆ ಸುಡುಸುಡು ನೀರು ಹೊಯ್ದುಕೊಳ್ಳುವಾಗ ಮೂರ್ಛೆ ಬರುವ ಒಂದು ವಿಶಿಷ್ಟ ಬಗೆಯು ದಕ್ಷಿಣ ಕರ್ನಾಟಕದ ಈ ಭಾಗದಲ್ಲಿ ಕಾಣುವಂಥದ್ದು. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಅವರ ಸಹಭಾಗಿತ್ವದಲ್ಲಿ 1990ರ ದಶಕದಲ್ಲಿ ನಡೆದ ಯಳಂದೂರು ಅಧ್ಯಯನ, ಗ್ರಾಮಮಟ್ಟದಲ್ಲಿಯೇ, ಅಗ್ಗದ ಮಾತ್ರೆಗಳಿಂದಲೇ ಈ ರೋಗವನ್ನು ಹತೋಟಿಗೆ ತರುವ ಮಾರ್ಗವನ್ನು ಹಿಡಿಯಿತು. ಇಲ್ಲಿಯೂ ಅದೇ ಮಾತು: ಮಾತ್ರೆಯ ಬೆಲೆ ಅಲ್ಪ, ಆದರೆ ಅದನ್ನು ವರ್ಷಗಟ್ಟಲೆ ತಪ್ಪದೆ ನುಂಗಬೇಕು. ದೆವ್ವ ಮೆಟ್ಟಿದೆಯೆಂದು ಮೂಲೆಯಲ್ಲಿ ಕೂರಿಸಿದ್ದ ಮಗಳಿಗೆ ಆ ಮಾತ್ರೆಯನ್ನು ತಿಂಗಳು ತಿಂಗಳೂ ತಲುಪಿಸುವವರು ಬೇಕು.

1996ರಲ್ಲಿ ಟ್ರಸ್ಟ್ ಇನ್ನೊಂದು ಹೆಜ್ಜೆಯಿಟ್ಟಿತು. ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ವಹಿಸಿಕೊಂಡಿತು. ಈ ಪ್ರಯೋಗ ಮುಂದೆ ಅರುಣಾಚಲ ಪ್ರದೇಶದಂತಹ ದೂರದ ರಾಜ್ಯಗಳಿಗೂ ಹಬ್ಬಿತು. ಸರ್ಕಾರದ ಹೊಣೆಯನ್ನು ಸ್ವಯಂಸೇವಾ ಸಂಸ್ಥೆಗಳು ಹೊರುವುದು ಸರಿಯೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಚಿಕಿತ್ಸೆ ಪ್ರಜೆಯ ಹಕ್ಕು. ಅದು ಯಾರದೋ ಕೃಪೆಯಾಗಿಬಿಟ್ಟರೆ ದಾಸೋಹ ಮತ್ತೆ ದಾನಕ್ಕೆ ಜಾರುತ್ತದೆ. ಡಾ. ಸುದರ್ಶನ್ ಅವರು ಆ ಹೊಣೆಯನ್ನು ಸರ್ಕಾರಕ್ಕೆ ನೆನಪಿಸುವ ಕೆಲಸವನ್ನೂ ಮಾಡಿದರು. 1999ರ ಕೊನೆಯಲ್ಲಿ ರಚನೆಯಾದ ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾಗಿ 2001ರಲ್ಲಿ ವರದಿಯಿತ್ತು, ಬಳಿಕ ಲೋಕಾಯುಕ್ತ ಸಂಸ್ಥೆಯಲ್ಲಿದ್ದು ಆರೋಗ್ಯ ಇಲಾಖೆಯ ಭ್ರಷ್ಟಾಚಾರದ ವಿರುದ್ಧ ಕೆಲಸ ಮಾಡಿದರು. 1994ರ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದ ಪದ್ಮಶ್ರೀಗಳಿಗಿಂತ ಈ ಕಠೋರ ಕಾಯಕವೇ ನನಗೆ ಹಿರಿದಾಗಿ ತೋರುತ್ತದೆ.

ರೋಗಿಗಿಂತ ಮೇಲೆ ಕೂರಬಾರದೆಂಬ ಎರಡನೆಯ ಲಕ್ಷಣ ಬೆಟ್ಟದಲ್ಲಿ ಕಾಣುವುದು ಹೆರಿಗೆಯ ವಿಷಯದಲ್ಲಿ. ಸೋಲಿಗ ಹೆಂಗಸರು ಮಲಗಿ ಹೆರುವವರಲ್ಲ, ಕುಕ್ಕುರುಗಾಲಿನಲ್ಲಿ ಕುಳಿತು ಹೆರುವವರು. ಕೇಂದ್ರದ ವೈದ್ಯರು ಅದನ್ನು ಅಜ್ಞಾನವೆಂದು ಜರೆಯದೆ ಒಪ್ಪಿಕೊಂಡರು. ಅವರ ಗಿಡಮೂಲಿಕೆಯ ತಿಳಿವಳಿಕೆಗೂ ಗೌರವವಿತ್ತರು. ಬುಡಕಟ್ಟಿನ ಹೆಣ್ಣುಮಕ್ಕಳಿಗೇ ದಾದಿಯರ ತರಬೇತಿ ಕೊಡಿಸಿದರು. ಪೋಡಿನ ಭಾಷೆ, ಹಾದಿ, ನಂಟು ಎಲ್ಲವನ್ನೂ ಬಲ್ಲ ಆ ಹುಡುಗಿಯರು ಔಷಧದ ಚೀಲ ಹೆಗಲಿಗೇರಿಸಿ ಬಂದರೆ, ಬಾಗಿಲು ತೆರೆಯಲು ಬಾಣಂತಿಯ ಮನೆಯವರು ಹಿಂಜರಿಯುವುದಿಲ್ಲ.