ಗೇರ್‌ಬಾಕ್ಸ್: ಕೆ.ಜಿ.ಎಫ್. ತಯಾರಿಕೆ

ಗೇರ್‌ಬಾಕ್ಸ್ ಎಂದರೆ ಎಂಜಿನ್ನಿನ ತಿರುಗುಬಲವನ್ನು ವೇಗಕ್ಕೆ ತಕ್ಕಂತೆ ಹೊಂದಿಸಿ ಚಕ್ರಗಳಿಗೆ ದಾಟಿಸುವ ಯಂತ್ರಭಾಗ. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ (ಬಿಇಎಂಎಲ್) ಕಂಪನಿಯ ಕೆ.ಜಿ.ಎಫ್. (ಕೋಲಾರ ಗೋಲ್ಡ್ ಫೀಲ್ಡ್ಸ್) ಘಟಕದಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳ ಜೊತೆಗೆ ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್), ಆಕ್ಸಲ್‌ಗಳೂ ತಯಾರಾಗುತ್ತವೆ. ಹೆಚ್ಚು ಬಲ ಹೊರುವ ಗೇರಿನ ಗುಟ್ಟು ಅದರ ಹಲ್ಲಿನಲ್ಲಿದೆ. ಕಡೆದ ಉಕ್ಕಿನ ಗೇರಿಗೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಂಗಾಲ ಊಡಿಸಿ, ಎಣ್ಣೆಯಲ್ಲಿ ಥಟ್ಟನೆ ತಣಿಸುತ್ತಾರೆ. ಹೊರಮೈ ಗಡುಸಾಗಿ ಸವೆತ ತಡೆಯುತ್ತದೆ. ಒಳತಿರುಳು ಬಿರುಸಾಗದೆ ಏಟು ತಾಳುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರಿನ ಮ್ಯಾನ್ಯುಯಲ್ ಗೇರ್‌ಬಾಕ್ಸನ್ನು ಬಲಪಡಿಸುವಾಗ ಈ ಹದವೇ ಮುಖ್ಯ: ಚಕ್ರ ಸುಲಭವಾಗಿ ಜಾರದ ಕಾರಣ ಕ್ಲಚ್ ಬಿಟ್ಟಾಗಿನ ಹೊಡೆತವೆಲ್ಲ ಹಲ್ಲಿನ ಬುಡಕ್ಕೇ ಬೀಳುತ್ತದೆ. ಕೆ.ಜಿ.ಎಫ್.ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಊರಿನ ಲೋಹವಿದ್ಯೆ ಮುಚ್ಚಲಿಲ್ಲ.